ನಡಾವಳಿ ಗುಮಾಸ್ತನ ಕಚ್ಚಾ ಹಾಳೆ

ಹೆಸರಿನಲ್ಲೇ ಜಗಳ ಇಟ್ಟುಕೊಂಡ ಊರು ನಮ್ಮ ಜಗಳೂರು.
ಆದರೂ ಪಟ್ಟಣ ಪಂಚಾಯಿತಿ ಸಭೆಗಳಲ್ಲಿ
ಇಪ್ಪತ್ತೆರಡು ವರ್ಷ ನಾನು ಬರೆದದ್ದು ಒಂದೇ ಸಾಲು:
‘ಸರ್ವಾನುಮತದಿಂದ ಅಂಗೀಕರಿಸಲಾಯಿತು.’

ಆ ಆಷಾಢದ ಸೋಮವಾರ ಮಾತ್ರ
ಪೆನ್ನಿಗೆ ಬೇರೆ ಕೆಲಸ ಬಿತ್ತು.
ಅಧ್ಯಕ್ಷ ಕರಿಬಸಪ್ಪನವರ ಮೇಲೆ ಅವಿಶ್ವಾಸ.
ಕುರ್ಚಿ ಹದಿನೆಂಟು, ಇಳಿಸಲು ಬೇಕಾದ ಕೈ ಹನ್ನೆರಡು.
ಹನ್ನೊಂದು ಕೈ ನಾಲ್ಕು ದಿನ ಮುರುಡೇಶ್ವರದ ಉಪ್ಪುನೀರಲ್ಲಿ ನೆನೆದು
ಬೆಳಿಗ್ಗೆ ಒಂದೇ ವ್ಯಾನಿನಿಂದ ಇಳಿದವು,
ಮೂಗು ಸುಟ್ಟು, ಒಂದೇ ಅಂಗಡಿಯ ಟೋಪಿ ಹೊತ್ತು.
ಎಂಟು ಎದುರು ಪಕ್ಷದವು. ಮೂರು ಪಕ್ಷೇತರ;
ಹೋದ ವರ್ಷ ಕರಿಬಸಪ್ಪನವರಿಗೆ ಹಾರ ಹಾಕಿದ್ದೂ ಆ ಮೂರೇ.
ಅವಕ್ಕೆ ಯಾರ ಚಿಹ್ನೆಯ ಹಂಗೂ ಇಲ್ಲ.

ಹನ್ನೆರಡನೆಯದು ಊರು ಬಿಟ್ಟಿರಲಿಲ್ಲ.
ಅದು ಅಧ್ಯಕ್ಷರದೇ ಪಕ್ಷದ, ಏಳನೇ ವಾರ್ಡಿನ ಮಾರಕ್ಕನ ಕೈ;
ಬಸ್ ಸ್ಟ್ಯಾಂಡಿನೆದುರು ಮಂಡಕ್ಕಿ, ಮೆಣಸಿನಕಾಯಿ ಬಂಡಿ,
ಎಣ್ಣೆ ಸಿಡಿದ ಚುಕ್ಕೆ ಮೊಣಕೈವರೆಗೆ.

ಹಿಂದಿನ ರಾತ್ರಿ ಪಕ್ಷದ ಹುಡುಗರು
ವಿಪ್ ಕೊಡಲು ಹೋದರೆ ಆಕೆ ಹಿಟ್ಟಿನ ಕೈ ತೋರಿಸಿದಳಂತೆ:
‘ಸಹಿ ಹೆಂಗ್ ಮಾಡ್ಲಪ್ಪ, ಅಲ್ಲೇ ಅಂಟಿಸ್ರಿ.’
ಅದೇ ಕಡಲೆಹಿಟ್ಟು ಸವರಿ ಬಾಗಿಲಿಗೆ ಅಂಟಿಸಿ
ಫೋಟೋ ತೆಗೆದುಕೊಂಡರು, ಪಂಚರ ಸಹಿ ಹಾಕಿಸಿದರು.
ಬೆಳಗಾಗುವಷ್ಟರಲ್ಲಿ ಮೇಕೆಯೊಂದು ಅದನ್ನು ತಿನ್ನುತ್ತ ಬಂದು
‘ಅಧ್ಯಕ್ಷರ ಪರವಾಗಿ’ ಎಂಬಲ್ಲಿಗೆ ನಿಲ್ಲಿಸಿತ್ತು.

ಕಾನೂನು ಮೇಕೆಗೆ ಅನ್ವಯಿಸುವುದಿಲ್ಲ.
ಸದಸ್ಯರಿಗೆ ಅನ್ವಯಿಸುತ್ತದೆ.
ಚಿಹ್ನೆಯಿಂದ ಗೆದ್ದವರು ಚಿಹ್ನೆಯ ಮಾತು ಮೀರುವಂತಿಲ್ಲ;
ವಿರುದ್ಧ ಎತ್ತಿದರೂ ತಪ್ಪು, ಎತ್ತದೆ ಕೂತರೂ ತಪ್ಪು,
ಪಕ್ಷವೇ ‘ಹೋಗಲಿ ಬಿಡಿ’ ಎಂದು ಮನ್ನಿಸಿದರೆ ಮಾತ್ರ ತಪ್ಪಲ್ಲ.
ಒಬ್ಬಳೇ ಹೊಸ್ತಿಲು ದಾಟಿದರೆ ಓಡಿಹೋದವಳು.
ಮೂರರಲ್ಲಿ ಎರಡು ಪಾಲು ಒಟ್ಟಿಗೆ ದಾಟಿದರೆ ದಿಬ್ಬಣ,
ಅದಕ್ಕೆ ವಿಲೀನ ಎಂದು ಹೆಸರು, ವಾಲಗವೂ ಉಂಟು.

ಉಪವಿಭಾಗಾಧಿಕಾರಿ ಮೇಡಂ ಗಡಿಯಾರ ನೋಡಿ
‘ನಿರ್ಣಯದ ಪರ ಇರುವವರು ಕೈ ಎತ್ತಿ’ ಎಂದರು.
ಕಚ್ಚಾ ಹಾಳೆಯಲ್ಲಿ ಗೀಟು ಹಾಕುತ್ತ ಹೋದೆ,
ಐದಕ್ಕೊಂದು ಅಡ್ಡಗೀಟು, ಎರಡು ಕಟ್ಟು, ಮೇಲೊಂದು.
ಹನ್ನೊಂದು.
ಮಾರಕ್ಕನ ಕೈ ಹೆಗಲವರೆಗೆ ಬಂದು ನಿಂತಿತ್ತು.
ಸೆರಗು ಹೊದೆಯುವ ಕೈಯೋ
ಅಧ್ಯಕ್ಷರನ್ನು ಇಳಿಸುವ ಕೈಯೋ, ತಿಳಿಯಲಿಲ್ಲ.
ಪರ ಎಂದೊಂದು ಕಾಲಂ, ವಿರುದ್ಧ ಎಂದೊಂದು, ತಟಸ್ಥ ಎಂದೊಂದು;
ಅರ್ಧ ಎತ್ತಿದ ಕೈಗೆ ನಮ್ಮ ಪುಸ್ತಕದಲ್ಲಿ ಕಾಲಂ ಇಲ್ಲ.

ಕರಿಬಸಪ್ಪನವರು ಫ್ಯಾನು ನೋಡುತ್ತಿದ್ದರು.
‘ಎತ್ತಿದ್ದೋ, ಇಳಿಸಿದ್ದೋ? ಸರಿಯಾಗಿ ಕಾಣ್ತಿಲ್ಲಮ್ಮ’
ಎಂದರು ಮೇಡಂ.
‘ನಮ್ಮ ಓಣಿ ದೀಪ ಹಾಕ್ಸಿದ್ರೆ ಕಾಣ್ತಿತ್ರಿ’
ಎನ್ನುತ್ತ ಆಕೆ ಬೆರಳು ಬಿಡಿಸಿ,
ಕೆಟ್ಟ ಬಲ್ಬು ಕಳಚುವವರ ಹಾಗೆ,
ಕೈಯನ್ನು ತಲೆಯ ಮೇಲಕ್ಕೆ ಒಯ್ದಳು.

ಹನ್ನೆರಡು ಎಂದು ಬರೆದೆ.
ರೂಢಿಯಲ್ಲಿ ಬಿದ್ದುಬಿಟ್ಟ ‘ಸರ್ವಾನುಮತ’ವನ್ನು ಹೊಡೆದುಹಾಕಿ
ಅಂಚಿನಲ್ಲಿ ಕಿರುಸಹಿ ಮಾಡಿದೆ.

ಊರು ಮಾತಾಡಿತು. ಹೆಸರಲ್ಲೇ ‘ಮಾರು’ ಇದೆಯಲ್ಲ ಎಂದಿತು.
ಎಷ್ಟಕ್ಕೆ ಎಂದಿತು. ಲಕ್ಷದ ಲೆಕ್ಕ
ಭಟ್ಟಿಯ ಮಂಡಕ್ಕಿಯಂತೆ ಬಾಯಿಂದ ಬಾಯಿಗೆ ಅರಳಿತು.
ನಾನು ಕಂಡದ್ದು ಇಷ್ಟು:
ಬಂಡಿಯ ಸವೆದ ಟೈರು ಬದಲಾಗಲಿಲ್ಲ.

ದೂರು ದಾವಣಗೆರೆಗೆ, ಡಿಸಿ ಕಚೇರಿಗೆ ಹೋಯಿತು.
ಒಂಬತ್ತು ಸಲ ಬಸ್ಸು ಹತ್ತಿದಳು, ಒಂಬತ್ತು ದಿನ ಒಲೆ ಆರಿತು.
ಫೋಟೋದಲ್ಲಿ ವಿಪ್ ಇಡಿಯಾಗಿತ್ತು,
ಮೇಕೆಯ ಸಾಕ್ಷಿ ಯಾರೂ ಕೇಳಲಿಲ್ಲ.
ಹತ್ತನೆಯ ಸಲ ಅನರ್ಹಳಾಗಿ ಇಳಿದಳು.
ಅದೇ ವಾರ ಕರಿಬಸಪ್ಪನವರ ಮಗಳ ಮದುವೆಯಲ್ಲಿ
ಆ ಮೂವರು ಪಕ್ಷೇತರರು
ಪಂಕ್ತಿಯುದ್ದಕ್ಕೂ ತುಪ್ಪ ಬಡಿಸುತ್ತಿದ್ದರು.

ದೀಪ?
ಅದು ಬೇರೆ ಕಡತ.

ನಿನ್ನೆ ಸಂಜೆ ಬಂಡಿಯ ಮುಂದೆ ನಿಂತು
ಎರಡು ಮೆಣಸಿನಕಾಯಿ ಕಟ್ಟಿಸಿಕೊಂಡೆ.
ರದ್ದಿಗೆ ಹೋದ ಹಳೆಯ ನಡಾವಳಿಯ ಜೆರಾಕ್ಸು,
ನನ್ನದೇ ಅಕ್ಷರ.
ಎಣ್ಣೆ ಹೀರಿದ ಆ ಕಾಗದದಲ್ಲಿ ‘ಸರ್ವಾನುಮತದಿಂದ’
ಎರಡೂ ಮಗ್ಗುಲಿಂದ ಕಾಣುತ್ತಿತ್ತು,
ಒಂದು ಕಡೆಯಿಂದ ತಿರುಗುಮುರುಗಾಗಿ.