ದೀಪದ ಬುಡ

ಮೊದಲ ದಿನವೇ ಸಿನ್ನೋವೆ ಕೇಳಿದ್ದು ಒಂದೇ ಮಾತು:
ದೋಣಿಯ ದೀಪ ಆರಿಸ್ತೀಯಾ, ಐಲಿಫ್?

ಇಪ್ಪತ್ತಾರು ವರ್ಷ
ಈ ದಡದ ಬೆಟ್ಟದ ಹೊಟ್ಟೆಯಲ್ಲಿ
ಕಲ್ಲಿದ್ದಲು ಕಡಿದವನು ನಾನು.
ಹಣೆಗೆ ದೀಪ, ಸೊಂಟಕ್ಕೆ ಅದರ ಬ್ಯಾಟರಿ.
ಹೆಂಡತಿಯ ಮುಖಕ್ಕಿಂತ ಹೆಚ್ಚು ಹೊತ್ತು ನೋಡಿದ್ದು
ಅದು ತೋರಿಸಿದ ಮೂರು ಮಾರು ಗೋಡೆಯನ್ನು.
ದೀಪ ಆರಿಹೋದವನ ಹೆಸರನ್ನು
ಗಣಿಯಲ್ಲಿ ಯಾರೂ ಕೂಗುತ್ತಿರಲಿಲ್ಲ.
ಕೂಗಿದರೆ ಮೇಲಿನ ಕಲ್ಲು ಕೇಳಿಸಿಕೊಳ್ಳುತ್ತದೆ ಎಂಬ ಭಯ.
ಮೆಲ್ಲಗೆ ಕರೆಯುವುದು, ಒಂದು ಸಲ,
ಆಮೇಲೆ ಕಾಯುವುದು.

ಗಣಿ ಮುಚ್ಚಿತು. ದೋಣಿ ಕೊಂಡೆ.
ಈಗ ಈ ಹೆಂಗಸು ಆರಿಸು ಅನ್ನುತ್ತಾಳೆ,
ಜನವರಿಯಲ್ಲಿ, ಸ್ವಾಲ್‌ಬಾರ್ಡಿನಲ್ಲಿ,
ಸೂರ್ಯ ಮುಖ ತೋರಿಸದೆ ಎಂಬತ್ತು ದಿನವಾಗಿರುವಾಗ.

ಆರಿಸಿದೆ.
ಎಂಜಿನ್ನೂ ಆರಿಸು ಅಂದಳು. ಅದನ್ನೂ.

ಕತ್ತಲೆಂದರೆ ಗಣಿಯದೇ ಎಂದುಕೊಂಡಿದ್ದೆ.
ಅಲ್ಲ. ಇದಕ್ಕೆ ಸೂರಿಲ್ಲ,
ಒರಗಲು ಗೋಡೆ ಕೊಡುವುದಿಲ್ಲ ಇದು.
ಕರಡಿ ಬಂದರೆ ಎಂದು ತಂದ ಕೋವಿ
ಕಾಲ ಬಳಿ ಎಲ್ಲೋ ಇತ್ತು, ಯಾರ ಕಡೆ ಗುರಿಯಿಟ್ಟೋ.

ಅವಳು ಇಳಿಬಿಟ್ಟ ಯಂತ್ರ ಒಂದು ಕೊಡದಷ್ಟಿದೆ.
ನೀರನ್ನು ಎಳೆದುಕೊಳ್ಳುತ್ತದೆ, ಕಲಕುತ್ತದೆ, ಉಗುಳುತ್ತದೆ.
ಕಲಕಿದಾಗ ಒಳಗಿನವು ಬೆಚ್ಚಿ ಮಿನುಗುತ್ತವೆ,
ಮಿನುಗಿದ್ದನ್ನು ಎಣಿಸುತ್ತದೆ.
ಎಳ್ಳುಕಾಳಿನಷ್ಟು ಜೀವಗಳು; ಹೆಸರು ಹೇಳಿದಳು,
ಲ್ಯಾಟಿನ್, ನನ್ನ ಬಾಯಲ್ಲಿ ನಿಲ್ಲಲಿಲ್ಲ.

ಯಾತಕ್ಕೆ ಹೊಳೀತವೆ, ಖುಷಿಗಾ? ಅಂದೆ.
ಹೆದರಿ, ಅಂದಳು.
ತಿನ್ನ ಬಂದವನ ಕಣ್ಣಿಗೆ ಎರಚಿ ಓಡುವ ನೀಲಿ ಅದು.
ಅಂದರೆ ನಾವಿಬ್ಬರೂ ಚಳಿಯಲ್ಲಿ ಕೂತು
ಫ್ಯೋರ್ಡಿನ ಹೆದರಿಕೆಯ ಲೆಕ್ಕ ಬರೆಯುತ್ತಿದ್ದೇವೆ,
ಪೆನ್ಸಿಲಿನಲ್ಲಿ, ಶಾಯಿ ಹೆಪ್ಪುಗಟ್ಟುತ್ತದೆಂದು.

ಅರ್ಧ ಗಂಟೆಯ ಮೇಲೆ: ಈಗ ದೀಪ ಹಾಕು.
ಹಾಕಿದೆ.
ಪರದೆಯ ಮೇಲೆ ದಟ್ಟಗಿದ್ದ ಪಟ್ಟಿ
ಕುದಿ ಇಳಿದ ಹಾಲಿನಂತೆ ಕುಸಿಯಿತು, ಕೆಳಗೆ, ಇನ್ನೂ ಕೆಳಗೆ.
ಇನ್ನೂರು ಮೀಟರಿನಲ್ಲಿದ್ದವೂ ಜಾಗ ಬಿಟ್ಟವು.
ದೀಪದ ಬುಡದಲ್ಲಿ ಕತ್ತಲು ಅನ್ನುವ ಮಾತನ್ನು
ಯಾರೂ ಇಷ್ಟು ಆಳಕ್ಕೆ ಅಳೆದಿರಲಿಕ್ಕಿಲ್ಲ.

ಹಾಗಾದರೆ, ಅಂದೆ, ದೊಡ್ಡ ಹಡಗಿನ
ಹಗಲಿನಂಥ ಬೆಳಕಲ್ಲಿ ನಿಂತು ಎಣಿಸಿದರಲ್ಲ, ಅವರು?
ಓಡಿಹೋಗಲಾರದೆ ಉಳಿದವನ್ನು ಎಣಿಸಿದರು.
ಸ್ವಲ್ಪ ತಡೆದು,
ನನ್ನ ಏಳು ವರ್ಷದ ಎಣಿಕೆಯೂ ಸೇರಿ, ಅಂದಳು.

ಥರ್ಮಾಸಿನ ಕಾಫಿ ಬಗ್ಗಿಸಿ ಕೊಟ್ಟೆ. ಕುಡಿಯಲಿಲ್ಲ.
ಏನು ಹೇಳಬೇಕೋ ತೋಚದೆ ಹಾಲ್‌ಗೇರನ ಕತೆ ಹೇಳಿದೆ.
ಮಣ್ಣು ಕುಸಿದು ಒಂಬತ್ತು ಗಂಟೆ ಸಿಕ್ಕಿಬಿದ್ದವನು
ತನ್ನ ದೀಪವನ್ನು ತಾನೇ ಆರಿಸಿಕೊಂಡಿದ್ದ.
ಬ್ಯಾಟರಿ ಉಳಿಸಲು, ಎಂದುಕೊಂಡಿದ್ದೆವು.
ಅಲ್ಲವಂತೆ. ಬೆಳಕಿದ್ದಾಗ ಕಲ್ಲು ಮಾತ್ರ ಕಾಣುತ್ತಿತ್ತು;
ಆರಿಸಿದ ಮೇಲೆ, ಕಲ್ಲಿನಾಚೆ
ನಮ್ಮ ನಮ್ಮ ಹೆಜ್ಜೆ ಬೇರೆ ಬೇರೆಯಾಗಿ ಕೇಳಿಸಿತಂತೆ,
ಕುಂಟುವವನು ನೀನು, ಐಲಿಫ್, ಎಂದು ನಕ್ಕಿದ್ದ.

ಸಿನ್ನೋವೆ ನಗಲಿಲ್ಲ. ದೀಪ ತಾನೇ ಆರಿಸಿದಳು.
ಯಂತ್ರವನ್ನು ಮತ್ತೆ ಬಿಟ್ಟಳು, ಮೊದಲಿನಿಂದ, ಒಂದರಿಂದ.

ನಾನು ಕೈಗವಸು ಕಳಚಿ
ಬೆರಳನ್ನು ನೀರಿಗೆ ತಾಕಿಸಿದೆ.
ಉರಿಯುವ ಚಳಿ. ಉಗುರಿನ ಸುತ್ತ
ಒಂದು, ಎರಡು, ಆಮೇಲೆ ಚೂರುಚೂರು ನೀಲಿ.
ಚೆಂದ ಅನ್ನಬೇಕೆಂದವನು
ಕೈ ತೆಗೆದುಕೊಂಡೆ.

ಹಿಂತಿರುಗಿದ್ದು ಹುಟ್ಟು ಹಾಕಿ, ದೀಪವಿಲ್ಲದೆ,
ಹೇಳಿದ್ದಕ್ಕಿಂತ ಎರಡು ಗಂಟೆ ತಡವಾಗಿ.
ಧಕ್ಕೆಯ ಮೇಲೆ ಯಾರೋ ನಿಂತಿದ್ದರು, ಕಾಣುತ್ತಿರಲಿಲ್ಲ.
ನನ್ನ ಹೆಸರು ಕೇಳಿಸಿತು,
ಹಾಲ್‌ಗೇರನ ದನಿ,
ಮೆಲ್ಲಗೆ, ಒಂದು ಸಲ.

ಇದ್ದೀನಿ, ಅಂದೆ.