ಬಿಡಿಸಿ ಹೇಳಬೇಕಾದ ಗೂಡು

ಮೊದಲು ಹೋದದ್ದು ಕೆಂಚು ಹುಂಜ.
ಕಾಂಪೌಂಡಿನ ಬುಡದಲ್ಲಿ ಎರಡು ಗರಿ, ಒಂದು ಕಾಲು.
ಹೋಗಲಿ ಬಿಡು ಅಂದೆ.
ಮಾರನೆ ವಾರ ಮೂರು, ಕೊರಳು ಕಡಿದಿದ್ದವು.
ತಿಂದಿರಲಿಲ್ಲ. ಸಾಲಾಗಿ ಮಲಗಿಸಿ ಹೋದಂತಿತ್ತು.
ಹಸಿದು ಕೊಂದಿದ್ದರೆ ನನಗಿಷ್ಟು ಸಿಟ್ಟು ಬರುತ್ತಿರಲಿಲ್ಲ.

ಶಿಡ್ಲಘಟ್ಟದಲ್ಲಿ ಗೂಡು ಅಂದರೆ ರೇಷ್ಮೆಯದ್ದೇ,
ಕಿಲೋಗೆ ಎಷ್ಟು ಹೋಯ್ತು ಅಂತ ಕೇಳುತ್ತಾರೆ.
ಕೋಳಿಗೂಡಪ್ಪಾ ಅಂತ ಬಿಡಿಸಿ ಹೇಳಿದ ಮೇಲೆ
ವೆಲ್ಡಿಂಗ್ ಬಚ್ಚಪ್ಪ ಕನ್ನಡಕ ಎತ್ತಿ ನೋಡಿದ.
"ನಿನ್ನ ಈ ಜಾಲರಿ, ಅಕ್ಕಾ,
ಕೋಳಿ ಒಳಗಿರೋಕೆ ಸರಿ,
ಮುಂಗುಸಿ ಹೊರಗಿರೋಕಲ್ಲ.
ಅರ್ಧ ಅಂಗುಲದ್ದು ಹಾಕು. ನೆಲಕ್ಕೂ ಹಾಕು.
ಅದೇನು ಬಾಗಿಲು ತಟ್ಟಿ ಬರುತ್ತೆ ಅಂದ್ಕೊಂಡ್ಯಾ?"

ಹಾಕಿದೆ.
ಸುತ್ತಲೂ ಮೊಣಕಾಲುದ್ದ ಅಗೆದು
ಚಪ್ಪಡಿ ಕಲ್ಲು ನೆಟ್ಟಗೆ ಹೂತೆ.
ಮೇಲೆ ಹಳೇ ಚಂದ್ರಿಕೆ ಎರಡು, ಅದರ ಮೇಲೆ ತಗಡು,
ಹದ್ದಿಗೆಂದು ಅಂಗಳಕ್ಕೆಲ್ಲ ಊಜಿ ನೊಣದ ಬಲೆ.
ಒಂದು ಚಿಲಕ ಸಾಲದೆಂದು ಎರಡು,
ಎರಡರ ನಡುವೆ ಚೀಲ ಹೊಲಿಯುವ ದಬ್ಬಳ.
ಬಂಗಾರ ಇಟ್ಟಿದೀಯೇನೇ, ಅಂದರು ಯಜಮಾನರು.
ಬಂಗಾರ ಮೊಟ್ಟೆ ಇಡುತ್ತೇನ್ರೀ, ಅಂದೆ.

ಗೋಡೆಯಾಚೆಯಿಂದ ಖುತೇಜಾಬಿ ದಿನಾ
ತಟ್ಟೆ ತುಂಬ ಬೆಂದ ಹುಳು ಕೊಡುತ್ತಿದ್ದಳು,
ನೂಲು ಬಿಚ್ಚಿದ ಮೇಲೆ ಉಳಿದದ್ದು.
ನನ್ನ ಕೋಳಿಗಳಿಗೆ ಅದೇ ಹಬ್ಬ.
ಆ ನಾತವೇ ಅದನ್ನ ಕರೆಯೋದು ಅಂದ ಬಚ್ಚಪ್ಪ,
ಬೇಡ ಕಣಮ್ಮ ಅಂದೆ. ಅವಳ ಮುಖ ಸಣ್ಣದಾಯಿತು.
ಇನ್ನೊಂದು ಮಾತು ಬಾಯಿಗೆ ಬಂದದ್ದು ನುಂಗಿಕೊಂಡೆ:
ಅವಳ ಒಕ್ಕಣ್ಣಿನ ಬೆಕ್ಕು.

ರಾತ್ರಿ ಲೆಕ್ಕ.
ಜಾಲರಿಗೆ ಟಾರ್ಚು ಹಿಡಿದು
ಬೂದಿಬಣ್ಣ, ಕಾಗೆಬಣ್ಣ, ಕುಂಟಿ, ಕುಂಟಿಯ ಮಗಳು...
ಹತ್ತು. ಸರಿ.
ಹತ್ತು. ಸರಿ.
ಒಂದು ಗುರುವಾರ ಒಂಬತ್ತು.

ಬೋಳುಕತ್ತಿನ ಹ್ಯಾಟೆ ಇಲ್ಲ.
ಹತ್ತು ದಿನದಿಂದ ಮೊಟ್ಟೆ ಕೂಡ ಇಟ್ಟಿರಲಿಲ್ಲ, ಪಾಪ.
ಕಲ್ಲು ಕದಲಿಲ್ಲ, ದಬ್ಬಳ ಇದ್ದಲ್ಲೇ ಇದೆ,
ಗರಿಯಿಲ್ಲ, ರಕ್ತವಿಲ್ಲ.
ಗೋಡೆ ಮೇಲಿದ್ದ ಬೆಕ್ಕಿಗೆ ಕಲ್ಲು ಬೀರಿದೆ.
ತಗಲಿತು.
ಖುತೇಜಾಬಿ ನೋಡಿದಳು, ಏನೂ ಅನ್ನಲಿಲ್ಲ.
ಅವತ್ತಿನಿಂದ ಗೋಡೆ ಬರೀ ಗೋಡೆಯಾಯಿತು.

ಮೂರು ವಾರ ಕಳೆದಿರಬೇಕು.
ತನ್ನ ಹಿತ್ತಲಲ್ಲಿ ಒಟ್ಟಿದ ಹಿಪ್ಪುನೇರಳೆ ಕಡ್ಡಿ
ಒಲೆಗೆಂದು ಎಳೆಯಹೋದವಳು ಕೂಗಿದಳು,
"ಪಾಪಕ್ಕಾ! ಏ ಪಾಪಕ್ಕಾ!"

ಬೋಳುಕತ್ತು ನಡೆದು ಬಂತು,
ಎದೆಯ ಪುಕ್ಕ ಉದುರಿ, ಅರ್ಧ ತೂಕವಾಗಿ,
ಹಿಂದೆ ಎಂಟು ಪಿಳ್ಳೆ.
ಇಪ್ಪತ್ತೊಂದು ರಾತ್ರಿ
ಚಿಲಕವಿಲ್ಲದ ಕಡ್ಡಿರಾಶಿಯಲ್ಲಿ,
ಮುಂಗುಸಿ ಓಡಾಡುವ ದಾರಿಯಲ್ಲೇ
ಕಾವು ಕೂತಿತ್ತು.
ಬೆಕ್ಕು ರಾಶಿಯ ಮೇಲೇ ಮಲಗುತ್ತಿತ್ತಂತೆ.

ಮುಂಗುಸಿಗೆ ಹೆದರಿ ಅಡಗಿದ್ದಲ್ಲ ಅದು.
ದಿನಾ ಬೆಳಿಗ್ಗೆ ದಬ್ಬಳ ಎಳೆದು,
ಇನ್ನೂ ಬಿಸಿಯಿರುವಾಗಲೇ
ಹೊಟ್ಟೆಯಡಿಗೆ ಕೈ ಹಾಕುತ್ತಿದ್ದದ್ದು ಯಾರು?
ಅರ್ಧ ಅಂಗುಲದ ಜಾಲರಿಯಲ್ಲಿ
ಕೈಯಗಲದ ಕಿಂಡಿಯೊಂದನ್ನು
ಬಚ್ಚಪ್ಪನಿಗೆ ಹೇಳಿ ನಾನೇ ಕೊಯ್ಯಿಸಿದ್ದು.

ಸಂಜೆ ಬಾಗಿಲು ತೆರೆದು ನಿಂತೆ.
ಬೋಳುಕತ್ತು ಗೂಡಿನೊಳಗೆ ನೋಡಿತು, ನನ್ನ ಕೈ ನೋಡಿತು.
ಪಿಳ್ಳೆಗಳು ರೆಕ್ಕೆಯಡಿ ತೂರಿದವು, ಹೊರಗೇ.
ಕತ್ತಲಾಗುತ್ತಿತ್ತು, ಬೇಡಿಕೊಳ್ಳುತ್ತ ನಿಲ್ಲುವ ಹಾಗಿಲ್ಲ.
ಮಂಕರಿ ತಂದು ಇದ್ದಲ್ಲೇ ಕವುಚಿದೆ,
ಮೇಲೆ ರುಬ್ಬುಗುಂಡು.

ಖುತೇಜಾಬಿ ಗೋಡೆ ಮೇಲೆ ತಟ್ಟೆ ಇಟ್ಟಳು.
ಬೆಂದ ಹುಳು. ಬೇಡ ಅನ್ನಲಿಲ್ಲ.
ಬೆಕ್ಕು ಕುಂಟುತ್ತ ಬಂದು ಮಂಕರಿಯ ಪಕ್ಕ ಕೂತಿತು.
ಓಡಿಸಲೋ ಬೇಡವೋ ತಿಳಿಯದೆ
ಟಾರ್ಚು ಆರಿಸಿ
ನಾನೂ ಕೂತೆ.