ಇನ್ನೊಂದು ಸುತ್ತು

ಆಗಸ್ಟಿನಲ್ಲಿ ಶಾರ್ಜಾದ ನಲ್ಲಿಗಳು ಮಾತು ಬದಲಿಸುತ್ತವೆ.
ನೀಲಿ ಚುಕ್ಕಿಯದನ್ನು ತಿರುಗಿಸಿದರೆ ಕೈ ಸುಡುವ ನೀರು,
ತಾರಸಿಯ ಟ್ಯಾಂಕಿಯಲ್ಲಿ ಹಗಲಿಡೀ ಬೆಂದದ್ದು.
ಗೀಸರ್ ಆರಿಸಿ ಎರಡು ದಿನ ಬಿಟ್ಟರೆ
ಕೆಂಪು ಚುಕ್ಕಿಯದರಲ್ಲಿ ತಣ್ಣೀರು.
ನಾನು ಬಂದ ಮೊದಲ ವಾರ ನೀನೇ ಹೇಳಿಕೊಟ್ಟದ್ದು,
ಸುಟ್ಟ ಬೆರಳಿಗೆ ಟೂತ್‌ಪೇಸ್ಟ್ ಸವರಿ, ಊದಿ, ನಕ್ಕು:
"ಇಲ್ಲಿ ಎಲ್ಲ ತಿರುಗಾಮುರುಗ, ಮಾರಾಯ್ತಿ."
ನಾನೂ ನಕ್ಕೆ.
ನೀರಿನ ಮಾತಷ್ಟೇ ಅಂದುಕೊಂಡೆ.

ಅದಕ್ಕೆ ಮುಂಚೆ ನಾಲ್ಕು ವರ್ಷ
ನೀನು ಬರೀ ದನಿ.
ಕಾಪು ಸೊಸೈಟಿಯ ಹಿಂಬಾಗಿಲ ಮೆಟ್ಟಿಲಲ್ಲಿ ಕೂತು
ಬುತ್ತಿ ಆರಿದರೂ ಬಿಚ್ಚದೆ ಕೇಳಿದ ದನಿ.
ರಾತ್ರಿ ಕ್ಯಾಂಪಿನ ಮೇಲ್ಮಂಚದಲ್ಲಿ
ಹೊದಿಕೆಯೊಳಗಿಂದ ಪಿಸುಗುಟ್ಟುತ್ತಿದ್ದೆ,
ಕೆಳಗೆ ಮಲಗಿದ ಪೇಶಾವರದವನಿಗೆ ಎಚ್ಚರವಾದೀತೆಂದು.
"ಒಂದು ನಿಮಿಷ ಉಳಿದಿದೆ" ಎನ್ನುತ್ತಿದ್ದಳು
ಫೋನ್ ಕಾರ್ಡಿನೊಳಗಿನ ಹೆಂಗಸು.
ಆ ಒಂದು ನಿಮಿಷದಲ್ಲಿ ನೀನು ಹೇಳುತ್ತಿದ್ದುದು,
ಅಬ್ಬ, ಈಗ ಬರೆಯಲೂ ನಾಚಿಕೆ.
ವಾರಿಜ ಎಂಬ ಹಳೇಕಾಲದ ನನ್ನ ಹೆಸರು
"ವಾರೀ" ಎಂದು ಕಡಲು ದಾಟಿ ಬಂದರೆ
ಒದ್ದೆಯಾಗಿಯೇ ಬರುತ್ತಿತ್ತು.

ನೀನು ಕೆಟ್ಟವನಲ್ಲ. ಅದೇ ಕಷ್ಟ.
ರಜೆಯ ದಿನ ಅಜ್ಮಾನಿನಿಂದ ಬಂಗುಡೆ ತಂದು
ನೀನೇ ಕೊಯ್ದು, ತೊಳೆದು ಕೊಡುತ್ತಿ.
ನನ್ನ ತಮ್ಮನ ಫೀಸು ಒಂದು ದಿನ ತಡವಾದದ್ದಿಲ್ಲ.
ಬೇಸಗೆಯಿಡೀ ನಮ್ಮ ಮಾತೆಂದರೆ
ಹತ್ತೊಂಬತ್ತು, ಇಪ್ಪತ್ತನಾಲ್ಕು, ಏಸಿಯ ಅಂಕಿ.
ಜಗಳವಿಲ್ಲ.
ಜಗಳವಾದರೂ ಇದ್ದಿದ್ದರೆ
ಗೋಡೆಯಾಚೆಯ ಮಲಯಾಳಿ ಅಕ್ಕನಿಗಾದರೂ
ನಾವಿಲ್ಲಿ ಇಬ್ಬರಿದ್ದೇವೆಂದು ಗೊತ್ತಾಗುತ್ತಿತ್ತು.

ಈಗ ನವೆಂಬರು.
ಯಾವ ಚುಕ್ಕಿ ತಿರುಗಿಸಿದರೂ ಒಂದೇ ನೀರು,
ಸುಡುವುದೂ ಇಲ್ಲ, ತಣಿಸುವುದೂ ಇಲ್ಲ.
ಪಾತ್ರೆ ತೊಳೆಯಲು ಅಡ್ಡಿಯಿಲ್ಲ.

ಆದರೆ ದಿನಾ ರಾತ್ರಿ ಎಂಟೂವರೆಯ ಹೊತ್ತಿಗೆ
ಕಾರಿನಿಂದ ಫೋನ್ ಮಾಡುತ್ತಿ:
"ವಾರೀ, ಕೆಳಗೆ ಜಾಗ ಉಂಟಾ ನೋಡು."
ಆರನೇ ಮಹಡಿಯ ಕಿಟಕಿಗೆ ಬರುತ್ತೇನೆ.
ಎಲ್ಲಿಯ ಜಾಗ! ಮರಳಿನ ಮೈದಾನವೂ ಭರ್ತಿ.
ಸುತ್ತುತ್ತಿ. ಸುತ್ತುತ್ತ ಮಾತಾಡುತ್ತಿ,
ಜೆಬೆಲ್ ಅಲಿಯಲ್ಲಿ ಎದ್ದ ಗಾಳಿ, ಫೋರ್‌ಮನ್ನನ
ಹಾರಿಹೋದ ಟೋಪಿ, ಸೇತುವೆ ಮೇಲೆ ಕಂಡ ಕೆಂಪು ಚಂದ್ರ,
ಮದುವೆಗೆ ಮೊದಲು ನಾನು ಉಟ್ಟಿದ್ದ ಯಾವುದೋ ಸೀರೆ.
ದನಿ ಇಳಿಯುತ್ತದೆ, ನಿಧಾನವಾಗುತ್ತದೆ,
ಕೆಳಗಿನವನಿಗೆ ಎಚ್ಚರವಾದೀತೆಂಬಂತೆ.
ಕೆಳಗಡೆ ಸುತ್ತುತ್ತಿರುವವನು ಅವನೇ,
ಮೇಲ್ಮಂಚದವನು.
ಆಮೇಲೆ ಬೀಗ ತಿರುಗುತ್ತದೆ, ಶೂ ಬೀಳುತ್ತದೆ,
"ಏ, ಚಾರ್ಜರ್ ಎಲ್ಲಿ?"

ಇವತ್ತು ಲಾಂಡ್ರಿಯ ಎದುರು
ಬಿಳಿ ಪಿಕಪ್ಪೊಂದು ಹಿಂದೆ ಸರಿದು, ಹೊರಟೇ ಹೋಯಿತು.
ದೀಪದ ಕೆಳಗೆ
ಒಂದು ಕಾರಿನಷ್ಟು ಖಾಲಿ.
"ಜಾಗ ಉಂಟಾ, ವಾರೀ?"
ಪರದೆ ಹಿಡಿದು ನೋಡುತ್ತಲೇ ಇದ್ದೇನೆ.
ಅಕ್ಕಿ ತೊಳೆದ ಕೈಯ ನೀರು ಮೊಣಕೈಗೆ ಇಳಿಯುತ್ತಿದೆ.
"ಇಲ್ಲ ಮಾರಾಯ, ಎಲ್ಲ ತುಂಬಿದೆ.
ಇನ್ನೊಂದು ಸುತ್ತು ಹಾಕು.

ಹೇಳು,
ಆಮೇಲೆ ಸಿಕ್ಕಿತಾ
ಆ ಫೋರ್‌ಮನ್ನನ ಟೋಪಿ?"